ಟೆಸ್ಟ್ ಮೇಲ್ ಬಂತು, ಮೇಷ್ಟ್ರಿಗೆ ಮೇಲ್ ಬರಲಿಲ್ಲ

"ಏನಪಾ, ನಿನ್ನ ಮೇಲ್ ನನಗ ಬಂದೇ ಇಲ್ಲ ನೋಡು."

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಕನ್ನಡ ಸಂಘದ ಭಾನುವಾರದ ಮೀಟಿಂಗು. ಅವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ರೈಲುಗಳಿಗೆ ತಡೆ. ಡೊಂಬಿವಲಿಯಿಂದ ನಾನು ಮುಟ್ಟುವಾಗ ಒಂದು ಗಂಟೆ ತಡ. ಒಳಗೆ ಕಾಲಿಡುತ್ತಿದ್ದ ಹಾಗೆ ಮೇಷ್ಟ್ರು ಇದನ್ನೇ ಕೇಳಿದರು. ಮೂರು ದಿನದ ಹಿಂದಷ್ಟೇ ನಾನು ವಾಟ್ಸಾಪ್ ಗುಂಪಿನಲ್ಲಿ 'ಮೇಲ್ ರೆಡಿ ಆಗಿದೆ' ಎಂದು ಬರೆದಿದ್ದೆ. ಟೆಸ್ಟ್ ಮೇಲ್ ನನ್ನ ಕಣ್ಣೆದುರಿಗೇ ಬಂದಿತ್ತು. ಇನ್ನೇನು ಬೇಕು?

ಹಿನ್ನೆಲೆ ಇಷ್ಟು. ನಮ್ಮ ಕನ್ನಡ ಸಂಘ ಪ್ರತಿ ವರ್ಷ ನವೆಂಬರ್ 1ಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತದೆ. ಸಂಪಾದಕರು ನಿವೃತ್ತ ಕನ್ನಡ ಶಾಲೆ ಮೇಷ್ಟ್ರು, ಧಾರವಾಡದ ಕಡೆಯವರು, ಈಗ ಮುಲುಂಡಿನಲ್ಲಿದ್ದಾರೆ. ಪ್ರೂಫ್ ನೋಡುವ ಅಕ್ಕ ಮೀರಾ ರೋಡಿನವರು. ಖಜಾಂಚಿ ಅಣ್ಣನದು ಕಲ್ಯಾಣದಲ್ಲಿ ಹೋಟೆಲು. ಲೇಖನಗಳೆಲ್ಲ ವಾಟ್ಸಾಪಿನಲ್ಲೇ ಓಡಾಡುತ್ತಿದ್ದವು. 'ಫೈನಲ್', 'ಫೈನಲ್ ಎರಡು', 'ಇದೇ ಫೈನಲ್' ಎಂಬ ಹೆಸರಿನ ಫೈಲುಗಳು. ಹಿಂದಿನ ವರ್ಷ ಒಂದು ಕವಿತೆ ತಿದ್ದುಪಡಿ ಆಗದೇ ಅಚ್ಚಾಗಿ, ಕವಿ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಅದಕ್ಕೇ ಬಾಡಿಗೆಗೆ ಒಂದು ಸಣ್ಣ ಸರ್ವರ್ ತಗೊಂಡು ನೆಕ್ಸ್ಟ್‌ಕ್ಲೌಡ್ ಹಾಕಿದೆ. ಇದು 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದು ಬಂದ, ಫೈಲ್ ಹಂಚಿಕೊಳ್ಳುವ ಮುಕ್ತ ತಂತ್ರಾಂಶ. ಎಲ್ಲರಿಗೂ ಒಂದೇ ಫೈಲ್, ಪಕ್ಕದಲ್ಲೇ ಕಮೆಂಟು, ಹಳೆಯ ಆವೃತ್ತಿಗಳೂ ಸಿಗುತ್ತವೆ. ಆದರೆ ನಮ್ಮ ಸಮಿತಿಯವರು ದಿನಾ ಬ್ರೌಸರ್ ತೆಗೆದು ಲಾಗಿನ್ ಆಗಿ ನೋಡುತ್ತಾರಾ? ಇಲ್ಲ. 'ನಿಮ್ಮ ಲೇಖನಕ್ಕೆ ಕಮೆಂಟು ಬಂದಿದೆ' ಎಂದು ಮೇಲ್ ಹೋಗಬೇಕು, ಆಗ ಮಾತ್ರ ಬರುತ್ತಾರೆ. ಮೇಲ್ ಹೋಗದಿದ್ದರೆ ನಾನು ಕಟ್ಟಿದ್ದು ಬರೀ ಖಾಲಿ ಮನೆ.

ಮೊದಲ ತಪ್ಪು ದುರಾಸೆಯದು. ಸರ್ವರಿನಿಂದಲೇ ನೇರವಾಗಿ ಮೇಲ್ ಕಳಿಸೋಣ, ಯಾರ ಹಂಗೂ ಬೇಡ ಎಂದುಕೊಂಡು ಮೇಲ್ ಸಾಗಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಹಾಕಿದೆ. ಮೇಲ್ ಸರದಿಯಲ್ಲಿ ನಿಂತೇ ಇತ್ತು. ತಿರಸ್ಕಾರ ಮಾಡಿದರೆ ಕಾರಣವಾದರೂ ತಿಳಿಯುತ್ತದೆ, ಇಲ್ಲಿ ಬರೀ ಟೈಮ್‌ಔಟ್. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ, ಸಂಪರ್ಕ ಸಿಗುತ್ತದಾ ಎಂದು ನೋಡುವ ನೆಟ್‌ಕ್ಯಾಟ್‌ನಿಂದ ಒಂದೊಂದೇ ಬಾಗಿಲು, ಅಂದರೆ ಪೋರ್ಟ್, ತಟ್ಟಿ ನೋಡಿದೆ. 25ನೇ ಪೋರ್ಟಿನಲ್ಲಿ ಮೌನ. 587ರಲ್ಲಿ ತಕ್ಷಣ 220 ಎಂಬ ಉತ್ತರ, ಅಂದರೆ 'ಬನ್ನಿ, ಇಲ್ಲಿದ್ದೇನೆ' ಎಂದರ್ಥ. ಸರ್ವರ್ ಬಾಡಿಗೆ ಕೊಡುವವರು ಸ್ಪ್ಯಾಮ್ ತಡೆಯಲು ಹೊರಗೆ ಹೋಗುವ 25ನ್ನು ಮುಚ್ಚಿಡುವುದು ಮಾಮೂಲು. ವಾರದ ಏಳೂ ದಿನ ಮೆಗಾಬ್ಲಾಕ್ ಅಂದುಕೊಳ್ಳಿ. 25 ಇರುವುದು ಮೇಲ್ ಸರ್ವರುಗಳು ಪರಸ್ಪರ ಟಪಾಲು ಬದಲಾಯಿಸಿಕೊಳ್ಳಲು. ನಮ್ಮಂಥವರು ಹೆಸರು, ಪಾಸ್‌ವರ್ಡ್ ಕೊಟ್ಟು ಟಪಾಲು ಒಪ್ಪಿಸಬೇಕಾದ ಕಿಟಕಿ 587 ಅಥವಾ 465. 587ರಲ್ಲಿ ಮಾತು ಸಾದಾ ಆಗಿ ಶುರುವಾಗಿ ಆಮೇಲೆ ಗೂಢಲಿಪಿಗೆ ತಿರುಗುತ್ತದೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ. ಪೋರ್ಟ್ ಒಂದು, ಎನ್‌ಕ್ರಿಪ್ಷನ್ ಆಯ್ಕೆ ಇನ್ನೊಂದು ಆದರೆ ಮತ್ತೆ ಅದೇ ಮೌನ. ಈ ಜೋಡಿ ತಪ್ಪಾಗಿ ಹಾಕಿಕೊಂಡು ಒಂದು ಸಂಜೆ ಹಾಳು ಮಾಡಿದ್ದೇನೆ.

ಪೋಸ್ಟ್‌ಫಿಕ್ಸ್ ಕಿತ್ತುಹಾಕಿ ಸಂಘದ ಜಿಮೇಲ್ ಖಾತೆ ಹಿಡಿದೆ. ಪಾಸ್‌ವರ್ಡ್ ಸರಿಯಿದ್ದರೂ 535 ಎಂಬ ಎರರ್, ಅಂದರೆ ಲಾಗಿನ್ ಒಪ್ಪಲಿಲ್ಲ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ದಾರಿಯನ್ನು ಗೂಗಲ್ 2022ರ ಮೇ 30ರಿಂದ ಮುಚ್ಚಿಬಿಟ್ಟಿದೆ. ಈಗ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಬೇರೆಯೇ ಮಾಡಿಸಿಕೊಳ್ಳಬೇಕು. ತೊಂದರೆ ಏನೆಂದರೆ ಆ ಖಾತೆಗೆ ಜೋಡಿಸಿದ್ದ ಫೋನ್ ನಂಬರು ಹಳೆಯ ಕಾರ್ಯದರ್ಶಿಯವರದು. ಅವರು ಮುಂಬಯಿ ಬಿಟ್ಟು ಸುರತ್ಕಲ್ ಸೇರಿ ನಾಲ್ಕು ವರ್ಷ ಆಗಿದೆ. ಫೋನ್ ಮಾಡಿ, "ಅಣ್ಣ, ಈಗ ನಿಮಗೊಂದು ಒಟಿಪಿ ಬರುತ್ತದೆ, ಸ್ವಲ್ಪ ಹೇಳಿ" ಅಂದೆ.

"ಒಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಹೇಳಿದ್ದಾರಲ್ಲ ಮಾರಾಯ. ನೀನೇ ಅಂತ ನನಗೆ ಹೇಗೆ ಗೊತ್ತು?"

ಮಾತು ನ್ಯಾಯವಾಗಿಯೇ ಇತ್ತು. ಕೊನೆಗೆ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿದ ಮೇಲೆ ಆರು ಅಂಕಿ ಸಿಕ್ಕಿತು. ಮೊದಲ ಕೆಲಸವಾಗಿ ಆ ಖಾತೆಗೆ ಇಬ್ಬರು ಪದಾಧಿಕಾರಿಗಳ ಫೋನ್ ನಂಬರು ಸೇರಿಸಿದೆ.

ನೆಕ್ಸ್ಟ್‌ಕ್ಲೌಡ್‌ನ ಆಡಳಿತ ಪುಟದಲ್ಲಿ ಮೇಲ್ ಸರ್ವರಿನ ವಿವರ ತುಂಬಿ, 'ಮೇಲ್ ಕಳಿಸು' ಬಟನ್ ಒತ್ತಿದೆ. ನನ್ನ ಖಾತೆಗೇ ನಾನು ಮೇಲ್ ವಿಳಾಸ ಹಾಕಿರಲಿಲ್ಲವಾದ್ದರಿಂದ ಅದು ಒಂದು ಸಲ ಗದರಿತು. ವಿಳಾಸ ಹಾಕಿದೆ. ಟೆಸ್ಟ್ ಮೇಲ್ ಬಂತು. ಗುಂಪಿನಲ್ಲಿ ಡಂಗುರ ಸಾರಿದ್ದು ಆಗಲೇ.

ಈಗ ಮಾಟುಂಗಾಕ್ಕೆ ವಾಪಸ್ ಬರೋಣ. ಪ್ರೂಫ್ ಅಕ್ಕ ಹನ್ನೆರಡು ಕಮೆಂಟು ಹಾಕಿದ್ದಾರೆ. ಮೇಷ್ಟ್ರಿಗೆ ಒಂದೂ ಮೇಲ್ ಹೋಗಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆಗೆದು ಮತ್ತೆ ಟೆಸ್ಟ್ ಬಟನ್ ಒತ್ತಿದೆ. ಮತ್ತೆ ಬಂತು! ಇದರಷ್ಟು ಸಿಟ್ಟು ತರಿಸುವ ಸಂಗತಿ ಇನ್ನೊಂದಿಲ್ಲ.

ಸರ್ವರಿನಲ್ಲಿ ನಡೆದದ್ದನ್ನು ಬರೆದಿಡುವ ಲಾಗ್ ನೋಡಲು ಹೋದೆ. ಬೆಳಿಗ್ಗೆ 10:10ಕ್ಕೆ ಅಕ್ಕ ಹಾಕಿದ ಕಮೆಂಟಿನ ಹೊತ್ತಿನಲ್ಲಿ ಏನೂ ಇಲ್ಲ. ಲಾಗ್ ಯುಟಿಸಿ ಸಮಯದಲ್ಲಿ ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ ಎಂಬುದು ಕಾಫಿ ಕುಡಿದ ಮೇಲೆ ಹೊಳೆಯಿತು. 4:40ರಲ್ಲಿ ನೋಡಿದೆ. ಅಲ್ಲೂ ಎರರ್ ಇಲ್ಲ. ಎರರ್ ಬರಬೇಕಾದರೆ ಯಾರಾದರೂ ಮೇಲ್ ಕಳಿಸಲು ಪ್ರಯತ್ನ ಪಟ್ಟಿರಬೇಕಲ್ವಾ? ಯಾರೂ ಪಟ್ಟಿರಲೇ ಇಲ್ಲ.

ವಿಷಯ ಇಷ್ಟೇ. ಟೆಸ್ಟ್ ಬಟನ್ ಒತ್ತಿದಾಗ ಮೇಲ್ ಆ ಕ್ಷಣವೇ, ನೇರವಾಗಿ ಹೋಗುತ್ತದೆ. ಕಮೆಂಟು, ಫೈಲ್ ಬದಲಾವಣೆಯ ಮೇಲ್‌ಗಳು ಹಾಗೆ ಹೋಗುವುದಿಲ್ಲ. ಅವು ಡೇಟಾಬೇಸಿನಲ್ಲಿ ಸಾಲು ನಿಲ್ಲುತ್ತವೆ. ಹಿನ್ನೆಲೆಯಲ್ಲಿ ನಡೆಯುವ ಒಂದು ಕೆಲಸ ಬಂದು ಅವನ್ನು ಎತ್ತಿಕೊಂಡು ಹೋಗಬೇಕು. ಹೋಟೆಲಿನಲ್ಲಿ ಮಾಣಿ ಆರ್ಡರ್ ಬರೆದುಕೊಂಡ, ಆದರೆ ಚೀಟಿ ಅಡುಗೆಮನೆಗೆ ಹೋಗಲಿಲ್ಲ ಅಂದ ಹಾಗೆ. ಈ ಹಿನ್ನೆಲೆ ಕೆಲಸ ನಡೆಸಲು ಮೂರು ರೀತಿ ಇದೆ: ಅಜಾಕ್ಸ್, ವೆಬ್‌ಕ್ರಾನ್, ಕ್ರಾನ್. ನಾನು ಮುಟ್ಟದೇ ಬಿಟ್ಟಿದ್ದರಿಂದ ಅಜಾಕ್ಸ್ ಇತ್ತು. ಅದರಲ್ಲಿ ಯಾರಾದರೂ ಒಂದು ಪುಟ ತೆರೆದಾಗ ಒಂದು ಕೆಲಸ ಮಾತ್ರ ನಡೆಯುತ್ತದೆ. ಪುಟ ತೆರೆಯಲಿ ಎಂದು ಮೇಲ್ ಕಳಿಸಬೇಕು, ಮೇಲ್ ಹೋಗಬೇಕಾದರೆ ಯಾರೋ ಪುಟ ತೆರೆಯಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು.

ಕ್ರಾನ್‌ಗೆ ಬದಲಾಯಿಸಿದೆ. ಅದು ನಿಗದಿತ ಹೊತ್ತಿಗೆ ಕೆಲಸ ಓಡಿಸುವ, ಸರ್ವರಿನದೇ ವ್ಯವಸ್ಥೆ. ಐದು ನಿಮಿಷಕ್ಕೊಮ್ಮೆ ಓಡುವಂತೆ ಒಂದೇ ಸಾಲು ಬರೆದರೆ ಸಾಕು. ಆದರೆ ನಾನು ಅವಸರದಲ್ಲಿ ರೂಟ್, ಅಂದರೆ ಸರ್ವರಿನ ಸರ್ವಾಧಿಕಾರಿ ಬಳಕೆದಾರನ ಕ್ರಾನ್‌ಟ್ಯಾಬ್‌ನಲ್ಲಿ ಬರೆದಿದ್ದೆ. ಸಂರಚನಾ ಫೈಲಿನ, ಅಂದರೆ ಸೆಟ್ಟಿಂಗ್ ಬರೆದಿಟ್ಟ ಫೈಲಿನ, ಮಾಲೀಕ ಯಾರೋ ಅವನೇ ಓಡಿಸಬೇಕು ಎಂದು ನೆಕ್ಸ್ಟ್‌ಕ್ಲೌಡ್ ಹಟ ಹಿಡಿಯಿತು. ವೆಬ್ ಸರ್ವರಿನ ಬಳಕೆದಾರನ ಹೆಸರಿಗೆ ಹಾಕಿದ ಮೇಲೆ ಆಡಳಿತ ಪುಟದಲ್ಲಿ 'ಕೊನೆಯ ಕೆಲಸ ಕೆಲವೇ ಸೆಕೆಂಡಿನ ಹಿಂದೆ ನಡೆದಿದೆ' ಎಂದು ಬಂತು. ಈಗ ನಾನು ಯಾವ ಸಂಸ್ಥೆಗೆ ಇದನ್ನು ಮಾಡಿಕೊಟ್ಟರೂ ಮೊದಲು ನೋಡುವುದು ಆ ಸಾಲನ್ನೇ, ಟೆಸ್ಟ್ ಬಟನ್ ಆಮೇಲೆ.

ಹತ್ತು ನಿಮಿಷದಲ್ಲಿ ಖಜಾಂಚಿ ಅಣ್ಣನ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಸಾಲಲ್ಲಿ ನಿಂತಿದ್ದೆಲ್ಲ ಒಟ್ಟಿಗೇ ಹೊರಟಿತ್ತು.

"ಎಂಥ ಮಾರಾಯ ಇದು? ಒಂದಾದ ಮೇಲೊಂದು ಬರ್ತಾನೇ ಉಂಟು!"

ಮೇಷ್ಟ್ರಿಗೂ ಬಂತು. ಖುಷಿಯಿಂದ ಲಿಂಕ್ ಒತ್ತಿದರು. ಪುಟ ತೆರೆಯಲಿಲ್ಲ. ವಿಳಾಸದಲ್ಲಿ ಸಂಘದ ಹೆಸರಿನ ಬದಲು 'ಲೋಕಲ್‌ಹೋಸ್ಟ್' ಎಂದಿತ್ತು. ಅದರ ಅರ್ಥ 'ಇದೇ ಯಂತ್ರ'. ನಾನು ಕಮಾಂಡ್ ಸಾಲಿನಿಂದ ಸ್ಥಾಪಿಸಿದ್ದರಿಂದ ಆ ಹೆಸರೇ ಒಳಗೆ ಉಳಿದಿತ್ತು. ಬ್ರೌಸರ್ ಮೂಲಕ ನಡೆಯುವ ಕೆಲಸಕ್ಕೆ ಸೈಟಿನ ಹೆಸರು ಬ್ರೌಸರಿನಿಂದಲೇ ಗೊತ್ತಾಗುತ್ತದೆ. ಕ್ರಾನ್‌ಗೆ ಬ್ರೌಸರ್ ಎಲ್ಲಿಂದ ಬರಬೇಕು? ಅದು ಸಂರಚನೆಯಲ್ಲಿರುವ 'ಓವರ್‌ರೈಟ್ ಸಿಎಲ್‌ಐ ಯುಆರ್‌ಎಲ್' ಎಂಬ ಜಾಗ ನೋಡುತ್ತದೆ. ಅಲ್ಲಿ ಎಚ್‌ಟಿಟಿಪಿಎಸ್ ಸಮೇತ ಪೂರ್ತಿ ವಿಳಾಸ ಬರೆದೆ. ಇದನ್ನೂ ಟೆಸ್ಟ್ ಮೇಲ್ ತೋರಿಸಿಕೊಡಲಿಲ್ಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಧ್ಯಕ್ಷರಿಗೆ ಮೇಲ್ ಸಂಘದ ಸ್ವಂತ ಡೊಮೇನಿನಿಂದಲೇ ಬರಬೇಕು ಎಂಬ ಆಸೆ. ಜಿಮೇಲ್ ಮೂಲಕ ಕಳಿಸಿದರೆ 'ಇಂದ' ಜಾಗದಲ್ಲಿ ನಾವು ಏನೇ ಬರೆದರೂ ಅದು ಜಿಮೇಲ್ ವಿಳಾಸವನ್ನೇ ಹಾಕಿಬಿಡುತ್ತದೆ, ನಮ್ಮ ವಿಳಾಸವನ್ನು ಮೊದಲೇ ಅಲ್ಲಿ ದೃಢಪಡಿಸಿಲ್ಲದಿದ್ದರೆ. ಡೊಮೇನಿನ ಜೊತೆಗೇ ಬಂದಿದ್ದ ಮೇಲ್ ಸೇವೆಗೆ ಬದಲಾಯಿಸಿದೆ. ಮಾರನೇ ದಿನದಿಂದ ಎಲ್ಲರಿಗೂ ಕಳಿಸಿದ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ.

ಇದಕ್ಕೆ ಕಾರಣ ಹಳೆಯದು. ಎಸ್‌ಎಂಟಿಪಿ ಮೇಲ್ ಸಾಗಿಸುವ 1982ರ ನಿಯಮ. ಕಳಿಸಿದವರು ಯಾರು ಎಂದು ಪರೀಕ್ಷೆ ಮಾಡುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂಬದಿಯಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದಿತ್ತಲ್ಲ, ಹಾಗೆ. ಅದಕ್ಕೆ ಆಮೇಲೆ ಹಾಕಿದ ತೇಪೆಗಳೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಎಸ್‌ಪಿಎಫ್ ಎಂದರೆ 'ಈ ಈ ಸರ್ವರುಗಳು ನಮ್ಮ ಹೆಸರಲ್ಲಿ ಟಪಾಲು ಕಳಿಸಬಹುದು' ಎಂದು, ಡೊಮೇನಿನ ವಿವರ ಸಿಗುವ ಸಾರ್ವಜನಿಕ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಬರೆದಿಡುವ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಮೇಲ್ ಮೇಲೆ ಮೊಹರು. ಇವೆರಡರಲ್ಲಿ ಒಂದೂ 'ಇಂದ' ವಿಳಾಸದ ಡೊಮೇನಿಗೆ ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬ ಸೂಚನೆ ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಬಿಗಿ ಮಾಡಿವೆ. ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5000 ಮೇಲ್ ಕಳಿಸುವವರಿಗೆ ಮೂರೂ ಬೇಕು. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್, ಡಿಕಿಮ್‌ಗಳಲ್ಲಿ ಒಂದಾದರೂ ಇರಲೇಬೇಕು.

ನಾನು ಎಸ್‌ಪಿಎಫ್ ಸಾಲು ಹಾಕಿದ್ದೆ. ಆದರೂ ಫೇಲ್. ಯಾಕೆಂದರೆ ಹಿಂದೆ ಯಾರೋ ಸಂಘದ ವೆಬ್‌ಸೈಟಿಗಾಗಿ ಒಂದು ಎಸ್‌ಪಿಎಫ್ ಸಾಲು ಹಾಕಿಟ್ಟಿದ್ದರು. ನಾನು ಅದರ ಕೆಳಗೆ ಇನ್ನೊಂದು ಸೇರಿಸಿದೆ. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ರದ್ದಾದ ಹಾಗೆ. ಎರಡನ್ನೂ ಒಂದೇ ಸಾಲಿಗೆ ಹೊಲಿದೆ. ಡಿಕಿಮ್ ಮೊಹರು ತಾಳೆ ನೋಡುವ ಕೀಲಿ ಇನ್ನೊಂದು ತರಲೆ. ಡಿಎನ್‌ಎಸ್‌ನ ಪಠ್ಯ ದಾಖಲೆಯಲ್ಲಿ ಒಂದು ತುಂಡಿಗೆ 255 ಅಕ್ಷರ ಮಾತ್ರ. 2048 ಬಿಟ್‌ನ ಕೀಲಿ ಅದಕ್ಕಿಂತ ಉದ್ದ, ಎರಡು ತುಂಡು ಮಾಡಿ ಹಾಕಬೇಕು. ನನ್ನದು ಬಾಲ ಕತ್ತರಿಸಿದ ಕೀಲಿ ಆಗಿತ್ತು. ಡಿಮಾರ್ಕ್ ಮಾತ್ರ ಸುಮ್ನೆ 'ಏನೂ ಮಾಡಬೇಡ, ವರದಿ ಕಳಿಸು' ಎಂಬ ಮೆದು ಸೂಚನೆಯಲ್ಲಿ ಇಟ್ಟೆ. ಮೊದಲ ದಿನವೇ 'ತಿರಸ್ಕರಿಸು' ಎಂದು ಬರೆಯುವ ಧೈರ್ಯ ನನಗಿಲ್ಲ.

ಪರೀಕ್ಷೆ ಮಾಡಲು ದೊಡ್ಡ ಉಪಕರಣ ಏನೂ ಬೇಡ. ಕಂಪ್ಯೂಟರಿನಲ್ಲಿ ಜಿಮೇಲ್ ತೆಗೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಿದರೆ ಮೂರರ ಎದುರಿಗೂ ಪಾಸ್ ಅಥವಾ ಫೇಲ್ ಎಂದು ಬರೆದಿರುತ್ತದೆ. ಮೀರಾ ರೋಡಿನ ಅಕ್ಕನಿಗೆ ಫೋನಿನಲ್ಲೇ ಇದನ್ನು ಹೇಳಿಕೊಟ್ಟೆ. "ಮೂರೂ ಪಾಸು ಕಣೋ, ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿದ ಹಾಗಾಯ್ತು" ಅಂದರು.

ಇನ್ನು ಎಷ್ಟು ಮೇಲ್ ಎಂಬ ಪ್ರಶ್ನೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಒಬ್ಬರು ಲೇಖನ ತಿದ್ದುತ್ತ ಹತ್ತು ಸಲ ಸೇವ್ ಮಾಡಿದರೆ ಅಷ್ಟೂ ಬದಲಾವಣೆ ಎಲ್ಲರ ಮೇಲ್‌ಗೆ ಹೋಗುತ್ತಿತ್ತು. ಖಜಾಂಚಿ ಅಣ್ಣ ಮೂರನೇ ದಿನಕ್ಕೆ ನಮ್ಮ ವಿಳಾಸವನ್ನೇ ಬ್ಲಾಕ್ ಮಾಡಿದ್ದರು. ಜಾಹೀರಾತಿನ ದುಡ್ಡು ಬಂದಿದೆಯಾ ಎಂದು ಕೇಳಿದ್ದ ಕಮೆಂಟೂ ಅದರ ಜೊತೆ ಹೋಯಿತು. 'ಫೈಲ್ ಬದಲಾಯಿತು' ಎಂಬುದಕ್ಕೆ ಮೇಲ್ ಬೇಡ ಎಂದು ತೆಗೆದೆ. ಕಮೆಂಟು ಮತ್ತು ಹೊಸದಾಗಿ ಹಂಚಿದ ಫೈಲಿಗೆ ಮಾತ್ರ ಉಳಿಸಿದೆ. ಆಡಳಿತ ಪುಟದಲ್ಲಿ ಇಟ್ಟ ಆಯ್ಕೆ ಹೊಸದಾಗಿ ಸೇರುವವರಿಗೆ. ಈಗಾಗಲೇ ಇದ್ದವರದನ್ನು ಮುಂದಿನ ಭಾನುವಾರ ಮಾಟುಂಗಾದಲ್ಲಿ ಒಬ್ಬೊಬ್ಬರ ಪಕ್ಕ ಕೂತು, ಅವರವರ ಲಾಗಿನ್‌ನಲ್ಲೇ ಸರಿ ಮಾಡಿದೆ. ಅಕ್ಕನಿಗೆ ಕೂಡಲೇ ಬೇಕು. ಮೇಷ್ಟ್ರಿಗೆ ದಿನಕ್ಕೊಂದು ಸಾಕು. ಅಣ್ಣನಿಗೆ ವಾರಕ್ಕೊಂದು, ಅದೂ ಬೇಡವೆಂದು ಸ್ವಲ್ಪ ಜಗಳ ಆಡಿಯೇ ಒಪ್ಪಿದರು.

ಎಲ್ಲ ಮುಗಿಯಿತು ಎಂದುಕೊಂಡು ಎರಡು ವಾರ ಆದ ಮೇಲೆ ಮೇಷ್ಟ್ರು ಫೋನ್ ಮಾಡಿದರು. "ಎಷ್ಟು ತಿದ್ದುಪಡಿ ಕಳಿಸೇನಿ, ಒಂದರೆ ಹಾಕಿಯೇನಪಾ?"

ಅವರು ಸೈಟಿಗೆ ಹೋಗಿ ಕಮೆಂಟು ಹಾಕಿರಲಿಲ್ಲ. ಬಂದ ಮೇಲ್‌ಗೇ ರಿಪ್ಲೈ ಒತ್ತಿ ಬರೆದಿದ್ದರು. ಮೇಲ್ ಬಂದರೆ ಉತ್ತರ ಬರೆಯುವುದು ಅವರ ಪ್ರಕಾರ ಮರ್ಯಾದೆ. ನಾನು ಯಾರೋ ಮಾಡಿದ್ದನ್ನು ನೋಡಿ 'ನೋ ರಿಪ್ಲೈ' ಎಂಬ ವಿಳಾಸ ಇಟ್ಟಿದ್ದೆ. ಹೆಸರಿಗೊಂದು ಪೆಟ್ಟಿಗೆ ಇತ್ತು, ಯಾರೂ ತೆಗೆದು ನೋಡುತ್ತಿರಲಿಲ್ಲ. ತೆಗೆದರೆ ಹದಿನೇಳು ಪತ್ರ. ಪ್ರತಿಯೊಂದೂ 'ಪ್ರಿಯ ಮಿತ್ರರೇ' ಎಂದು ಶುರುವಾಗಿ, ಪುಟ, ಪ್ಯಾರಾ, ಸಾಲಿನ ಸಂಖ್ಯೆ ಸಮೇತ.

ವಿಳಾಸವನ್ನು 'ಸಂಚಿಕೆ' ಎಂದು ಬದಲಾಯಿಸಿ, ಅಲ್ಲಿಗೆ ಬಂದದ್ದು ನನಗೂ ಅಕ್ಕನಿಗೂ ಬರುವಂತೆ ಮಾಡಿದೆ. ಮೇಷ್ಟ್ರು ಈಗಲೂ ರಿಪ್ಲೈ ಬರೆಯುತ್ತಾರೆ. ಸಂಜೆ ಲೋಕಲ್‌ನಲ್ಲಿ ಠಾಣೆ ದಾಟಿ ಸೀಟು ಸಿಕ್ಕಿದರೆ, ಅದನ್ನು ಓದಿ ಕಮೆಂಟಿಗೆ ಹಾಕುವುದು ನನ್ನ ಕೆಲಸ. ನಿನ್ನೆಯದು: 'ಪುಟ 64, ಎರಡನೇ ಪ್ಯಾರಾ, ಶೇಷ ಎಂಬಲ್ಲಿ ಎರಡೂ ಷ ಆಗಿದೆ, ಮೊದಲನೆಯದು ಶಂಕರನ ಶ.'