ಕೆಲಸ ಮುಗಿದ ಮೇಲೆ ಕಂಪ್ಯೂಟರ್ ತಾನೇ ಆಫ್ ಆಗಬೇಕು

ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಸ್ಟುಡಿಯೊ ಇದೆ. ಯಜಮಾನರು ಕ್ಯಾಮೆರಾ ಹಿಡಿಯುತ್ತಾರೆ, ಎಡಿಟಿಂಗ್ ನನ್ನದು. ಮನೆ ಇರುವುದು ನೊಣವಿನಕೆರೆ ಕಡೆ. ಸಂಜೆ ಏಳೂವರೆಯ ಬಸ್ಸು ತಪ್ಪಿದರೆ ಮಕ್ಕಳು ಊಟಕ್ಕೆ ಕಾಯುತ್ತಾ ಕೂತಿರುತ್ತಾರೆ. ಎಡಿಟ್ ಮಾಡಿದ ಒಂದು ಮದುವೆಯ ವಿಡಿಯೊ ಎಕ್ಸ್‌ಪೋರ್ಟ್ ಆಗಲು, ಅಂದರೆ ಪೂರ್ತಿ ಫೈಲಾಗಿ ಸಿದ್ಧವಾಗಲು, ನನ್ನ ಕಂಪ್ಯೂಟರಿಗೆ ನಾಲ್ಕೈದು ಗಂಟೆ ಬೇಕು. ಹಾಗಾಗಿ ಎಕ್ಸ್‌ಪೋರ್ಟ್ ಹಾಕಿ, ಮಾನಿಟರ್ ಆರಿಸಿ, ಶಟರ್ ಎಳೆದು ಬರುವುದು ರೂಢಿಯಾಗಿತ್ತು. ಕಂಪ್ಯೂಟರ್ ಬೆಳಗಿನವರೆಗೆ ಓಡುತ್ತಲೇ ಇರುತ್ತಿತ್ತು.

ಒಂದು ವೈಶಾಖದ ರಾತ್ರಿ ಜೋರು ಗಾಳಿ ಮಳೆ ಬಂತು. ನಮ್ಮ ಕಡೆ ಗಾಳಿ ಎದ್ದರೆ ತೆಂಗಿನ ಗರಿ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಅವತ್ತು ಹೋಗಿದ್ದು ಮೂರು ಗಂಟೆಗೆ ಅಂತ ಎದುರಿನ ಅಂಗಡಿಯವರು ಹೇಳಿದರು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸತ್ತಿದೆ. ಕಂಪ್ಯೂಟರ್ ಓಡುತ್ತಿದ್ದ ಹಾಗೆಯೇ ನಿಂತಿದೆ. ಬೆಳಿಗ್ಗೆ ಬಂದು ಆನ್ ಮಾಡಿದರೆ, ಶೂಟಿಂಗ್ ಫೈಲುಗಳಿದ್ದ ಎರಡನೇ ಹಾರ್ಡ್ ಡಿಸ್ಕ್ ತೆರೆಯಲೇ ಇಲ್ಲ. ಎಕ್ಸ್‌ಪೋರ್ಟ್ ಆದ ವಿಡಿಯೊ ಬೇರೆ ಡ್ರೈವಿನಲ್ಲಿ ಸರಿಯಾಗಿಯೇ ಇತ್ತು. ಅದರ ಮೇಲಿದ್ದ ಸಮಯ ರಾತ್ರಿ 11:40. ಅಂದರೆ ಕೆಲಸ ಮುಗಿದು ಮೂರು ಗಂಟೆಗೂ ಜಾಸ್ತಿ ಹೊತ್ತು ಕಂಪ್ಯೂಟರ್ ಸುಮ್ನೆ ಆನ್ ಇತ್ತು.

ಆ ಡಿಸ್ಕಿನಲ್ಲಿ ಇನ್ನೂ ಎಡಿಟ್ ಮಾಡದ ಇನ್ನೊಂದು ಮದುವೆ ಇತ್ತು. ಚಪ್ಪರದ ದಿನ ಮದುಮಗಳ ಅಜ್ಜಿ ಕೂತು ಸೋಬಾನೆ ಪದ ಹಾಡಿದ್ದರು. ಕ್ಯಾಮೆರಾ ಕಾರ್ಡನ್ನು ಮುಂದಿನ ಮದುವೆಗೆ ಅಂತ ಆಗಲೇ ಖಾಲಿ ಮಾಡಿದ್ದೆವು. ಆಷಾಢದಲ್ಲಿ ಆ ಅಜ್ಜಿ ತೀರಿಕೊಂಡರು. ಹುಡುಗಿ ಸಿಕ್ಕಾಗಲೆಲ್ಲ ಕೇಳುತ್ತಾಳೆ, "ಅಕ್ಕಾ, ಎಲ್ಲಾದರೂ ಒಂದು ತುಣುಕು ಸಿಕ್ತಾ?" ಆಮೇಲೆ ನಾನು ಕೂತು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಡಿಟಿಪಿ ಅಂಗಡಿಯವರಿಗೂ, ರಾತ್ರಿ ಏನಾದರೂ ದೊಡ್ಡ ಡೌನ್‌ಲೋಡ್ ಹಾಕಿ ಮಲಗುವವರಿಗೂ ಇದೇ ಸಾಕು.

ಮೊದಲು ಎಲ್ಲರಿಗೂ ಬೇಕಾದ ಸುಲಭದ ದಾರಿ. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ಹಾಕುವ ಅಗತ್ಯವೇ ಇಲ್ಲ. ವಿಂಡೋಸ್ ಗುರುತಿನ ಕೀ ಒತ್ತಿ ಹಿಡಿದು ಆರ್ ಒತ್ತಿ. ರನ್ ಎಂಬ ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ಹೀಗೆ ಬರೆದು ಎಂಟರ್ ಒತ್ತಿ:

ಶಟ್‌ಡೌನ್ /ಎಸ್ /ಟಿ 18000

ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನನ್ನ ತಂಗಿಗೆ ಫೋನಿನಲ್ಲಿ ಹೇಳಿದ ಹಾಗೆ ಹೇಳುತ್ತೇನೆ. ಎಸ್ ಎಚ್ ಯು ಟಿ ಡಿ ಓ ಡಬ್ಲ್ಯು ಎನ್, ಎಲ್ಲ ಕೂಡಿಸಿ ಒಂದೇ ಪದ. ಆಮೇಲೆ ಜಾಗ ಬಿಡಿ. ಪ್ರಶ್ನೆ ಚಿಹ್ನೆ ಇರುವ ಕೀ ಒತ್ತಿದರೆ ಓರೆ ಗೆರೆ ಬರುತ್ತದಲ್ಲ, ಅದು. ಅದಕ್ಕೆ ಅಂಟಿಕೊಂಡ ಹಾಗೆ ಎಸ್. ಜಾಗ. ಮತ್ತೆ ಓರೆ ಗೆರೆ, ಟಿ. ಜಾಗ. ಆಮೇಲೆ ಸಂಖ್ಯೆ. ನುಡಿ ತಂತ್ರಾಂಶ ಆನ್ ಇದ್ದರೆ ಅಲ್ಲಿ ಕನ್ನಡ ಅಕ್ಷರ ಬೀಳುತ್ತದೆ, ಮೊದಲು ಇಂಗ್ಲಿಷಿಗೆ ತಿರುಗಿಸಿಕೊಳ್ಳಿ. ನಮ್ಮ ಕಡೆಯ ಅಂಗಡಿಗಳಲ್ಲಿ "ಕಮಾಂಡ್ ಕೆಲಸ ಮಾಡ್ತಿಲ್ಲ" ಎಂದವರಲ್ಲಿ ಅರ್ಧ ಜನಕ್ಕೆ ತೊಂದರೆ ಇದೇ ಆಗಿತ್ತು.

ಸಂಖ್ಯೆ ಇರುವುದು ಸೆಕೆಂಡಿನಲ್ಲಿ. ಒಂದು ಗಂಟೆಗೆ 3600, ಎರಡಕ್ಕೆ 7200, ಐದಕ್ಕೆ 18000. ಮನಸ್ಸು ಬದಲಾದರೆ ಅದೇ ಕಿಟಕಿಯಲ್ಲಿ ಇದನ್ನು ಬರೆಯಿರಿ:

ಶಟ್‌ಡೌನ್ /ಎ

ಹಾಕಿದ್ದ ಸಮಯ ರದ್ದಾಗುತ್ತದೆ. ಎಸ್ ಬದಲು ಆರ್ ಹಾಕಿದರೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ.

ಇಲ್ಲೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಹೀಗೆ ಸಮಯ ಕೊಟ್ಟು ಹಾಕಿದಾಗ, ಹೊತ್ತು ಬಂದ ಕೂಡಲೇ ವಿಂಡೋಸ್ ತೆರೆದಿರುವ ಎಲ್ಲವನ್ನೂ ಬಲವಂತವಾಗಿ ಮುಚ್ಚುತ್ತದೆ. "ಸೇವ್ ಮಾಡಲೇ?" ಎಂದು ಕೇಳಿ ಕಾಯುವುದಿಲ್ಲ. ಅರ್ಧ ಟೈಪ್ ಮಾಡಿದ ಲಗ್ನಪತ್ರಿಕೆ ಇದ್ದರೆ ಹೋಯಿತು. ಎಕ್ಸ್‌ಪೋರ್ಟ್ ಇನ್ನೂ ನಡೆಯುತ್ತಿದ್ದರೆ ಅದೂ ಅಲ್ಲಿಗೇ ಕಡಿಯುತ್ತದೆ. ಅದಕ್ಕೆ ನಾನು ಎಕ್ಸ್‌ಪೋರ್ಟ್ ಹಾಕಿದ ತಕ್ಷಣ ಸಮಯ ಕೊಡುವುದಿಲ್ಲ. ಮೊದಲ ಕೆಲವು ನಿಮಿಷ ಅದು ತೋರಿಸುವ ಲೆಕ್ಕವನ್ನು ನಂಬಲಿಕ್ಕಾಗದು. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೆಷ್ಟು ಹೊತ್ತು ಎಂದು ನೋಡುತ್ತೇನೆ. ಮೂರು ಗಂಟೆ ಎಂದರೆ ಐದು ಗಂಟೆ ಕೊಡುತ್ತೇನೆ.

ಆದರೂ ಇದು ಅಂದಾಜು ತಾನೇ? ಬೇಗ ಮುಗಿದರೆ ಕಂಪ್ಯೂಟರ್ ಸುಮ್ನೆ ಓಡುತ್ತದೆ, ತಡವಾದರೆ ಕೆಲಸ ಕೆಡುತ್ತದೆ. ಗಡಿಯಾರ ನೋಡಿ ಆಫ್ ಆಗುವುದಕ್ಕಿಂತ ಕೆಲಸ ಮುಗಿದದ್ದು ನೋಡಿ ಆಫ್ ಆಗುವುದು ಎಷ್ಟೋ ಮೇಲು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ದಾರಿ ಇದೆ, ನಾವು ಹುಡುಕಿ ನೋಡಿರುವುದಿಲ್ಲ ಅಷ್ಟೆ. ನೆಂಟರಿಗೆ ಫೋನಿನಲ್ಲಿ ಕಳಿಸಲು ವಿಡಿಯೊ ಚಿಕ್ಕದು ಮಾಡುವುದಕ್ಕೆ ನಾನು ಹ್ಯಾಂಡ್‌ಬ್ರೇಕ್ ಬಳಸುತ್ತೇನೆ, ಅದು ಉಚಿತ. ಅದರಲ್ಲಿ "ವೆನ್ ಡನ್" ಎಂದಿದೆ. ಅಲ್ಲಿ ಶಟ್‌ಡೌನ್ ಆರಿಸಿದರೆ, ಸಾಲಿನಲ್ಲಿ ಹಾಕಿದ ವಿಡಿಯೊಗಳೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಆಫ್ ಆಗುತ್ತದೆ. ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ವಿನ್‌ರಾರ್‌ನಲ್ಲೂ ಮುಗಿದ ಮೇಲೆ ಪಿಸಿ ಆಫ್ ಮಾಡುವ ಆಯ್ಕೆ ಇದೆ. ಡೌನ್‌ಲೋಡ್ ಮ್ಯಾನೇಜರುಗಳಲ್ಲೂ ಇಂಥದ್ದು ಸಿಗುತ್ತದೆ. ನೀವು ದಿನಾ ಬಳಸುವ ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿ. ಇಲ್ಲದಿದ್ದಾಗ ಮಾತ್ರ ಸೆಕೆಂಡಿನ ಲೆಕ್ಕ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬ್ಯಾಚ್ ಫೈಲು, ಅಂದರೆ ಕಮಾಂಡುಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಫೈಲು. ಆ ಡಿಸ್ಕ್ ಹೋದ ಮೇಲೆ, ದಿನವೂ ಶೂಟಿಂಗ್ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿಗೆ ಹೋಗಲೇಬೇಕು ಎಂದು ಹಠ ಹಿಡಿದೆ. ಒಂದು ಮದುವೆ ಎಂದರೆ 200, 300 ಜಿಬಿ. ಕಾಪಿ ಆಗುವವರೆಗೆ ಕೂತರೆ ಬಸ್ಸು ಸಿಗುವುದಿಲ್ಲ. ನೋಟ್‌ಪ್ಯಾಡ್ ತೆರೆದು ಎರಡು ಸಾಲು ಬರೆದೆ:

ರೋಬೋಕಾಪಿ "ಡಿ:\ಮದುವೆ" "ಇ:\ಮದುವೆ" /ಇ /ಆರ್:2 /ಡಬ್ಲ್ಯು:5
ಶಟ್‌ಡೌನ್ /ಎಸ್ /ಟಿ 60

ಇದನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು, ಫೋಲ್ಡರಿನ ಹೆಸರು ನಿಮ್ಮದು. ರೋಬೋಕಾಪಿ ಎಂದರೆ ಆರ್ ಓ ಬಿ ಓ ಸಿ ಓ ಪಿ ವೈ. ಇದೂ ವಿಂಡೋಸ್ ಜೊತೆಗೇ ಬರುತ್ತದೆ. /ಇ ಎಂದರೆ ಒಳಗಿನ ಫೋಲ್ಡರುಗಳೂ ಸೇರಿ ಎಂದು. ಮೊದಲ ಸಾಲಿನ ಕೆಲಸ ಪೂರ್ತಿ ಮುಗಿಯುವವರೆಗೆ ಎರಡನೆಯದು ಶುರುವಾಗುವುದಿಲ್ಲ. ಅದೇ ಇದರ ಚೆಂದ. ಹತ್ತು ನಿಮಿಷದಲ್ಲಿ ಮುಗಿಯಲಿ, ನಾಲ್ಕು ಗಂಟೆ ಹಿಡಿಯಲಿ, ಕಾಪಿ ಆದ ಒಂದು ನಿಮಿಷಕ್ಕೆ ಕಂಪ್ಯೂಟರ್ ಆಫ್. ಮೊದಲೇ ಕಾಪಿ ಆದ ಫೈಲುಗಳು ಬದಲಾಗದಿದ್ದರೆ ಅವನ್ನು ಬಿಟ್ಟು ಹೊಸದನ್ನು ಮಾತ್ರ ಒಯ್ಯುತ್ತದೆ. ಹಾಗಾಗಿ ಮೊದಲ ದಿನ ಮಾತ್ರ ನಿಧಾನ.

ಆ /ಆರ್:2, /ಡಬ್ಲ್ಯು:5 ಎಂಬುದನ್ನು ಬಿಡಬೇಡಿ. ಓದಲಾಗದ ಫೈಲು ಸಿಕ್ಕರೆ ರೋಬೋಕಾಪಿ ತಾನಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನ ಮಾಡುತ್ತದೆ. ಒಂದು ಕೆಟ್ಟ ಫೈಲಿನಿಂದ ಕಂಪ್ಯೂಟರ್ ಬೆಳಗಿನವರೆಗೂ ಆಫ್ ಆಗುವುದಿಲ್ಲ. ನಾವು ಹೇಳುತ್ತಿರುವುದು, ಎರಡು ಸಲ ನೋಡು, ನಡುವೆ ಐದು ಸೆಕೆಂಡ್ ಕಾಯಿ, ಆಗದಿದ್ದರೆ ಮುಂದೆ ಹೋಗು ಎಂದು. ಬೆಳಿಗ್ಗೆ ಬಂದು ಎರಡೂ ಫೋಲ್ಡರಿನ ಅಳತೆ ಒಂದೇ ಇದೆಯಾ ನೋಡುತ್ತೇನೆ. ನೋಡದೆ ಕಾರ್ಡ್ ಖಾಲಿ ಮಾಡುವುದಿಲ್ಲ.

ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಕೆಳಗೆ "ಆಲ್ ಫೈಲ್ಸ್" ಆರಿಸಿ, ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಬಿ ಎ ಟಿ ಎಂದು ಬರೆಯಿರಿ. ಇಲ್ಲದಿದ್ದರೆ ಅದು ಬರೀ ಬರಹದ ಫೈಲು ಆಗುತ್ತದೆ. ಡೆಸ್ಕ್‌ಟಾಪಿನಲ್ಲಿಟ್ಟು ಎರಡು ಸಲ ಕ್ಲಿಕ್ ಮಾಡಿದರೆ ಆಯಿತು. ಮೊದಲ ಸಲ ಚಿಕ್ಕ ಫೋಲ್ಡರಿನಲ್ಲಿ ಹಗಲು ಹೊತ್ತು ಮಾಡಿ ನೋಡಿ.

"ಸ್ಲೀಪ್‌ನಲ್ಲಿ ಬಿಟ್ಟರೆ ಸಾಲದಾ?" ಅಂತ ಕೇಳುವವರಿದ್ದಾರೆ. ಸಾಲದು. ಸ್ಲೀಪ್‌ನಲ್ಲಿ ತೆರೆದ ಕೆಲಸವೆಲ್ಲ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ್‍ಯಾಮಿನಲ್ಲಿ ಇರುತ್ತದೆ, ರ್‍ಯಾಮಿಗೆ ಕರೆಂಟ್ ಬೇಕೇ ಬೇಕು. ಕರೆಂಟ್ ಪೂರ್ತಿ ಹೋದರೆ ಅದೂ ಹೋಗುತ್ತದೆ. ಹೈಬರ್ನೇಟ್ ಬೇರೆ. ಅದು ಎಲ್ಲವನ್ನೂ ಡಿಸ್ಕಿಗೆ ಬರೆದು ಆಫ್ ಆಗುತ್ತದೆ. ಅದಕ್ಕೆ ಕಮಾಂಡ್ ಶಟ್‌ಡೌನ್ /ಎಚ್ ಎಂದಷ್ಟೇ, /ಟಿ ಸೇರಿಸಬೇಡಿ.

ಮುಂಗಟ್ಟೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆದು ಪ್ರಿಂಟ್ ಹಾಕುವ ಇನ್ನೊಂದು ಕಂಪ್ಯೂಟರ್ ಇದೆ. ಅಲ್ಲಿ ಕೂರುವ ಹುಡುಗ ರಾತ್ರಿ ಒಂಬತ್ತಕ್ಕೆ ಶಟರ್ ಎಳೆಯುತ್ತಾನೆ, ಕೆಲವು ದಿನ ಆಫ್ ಮಾಡಲು ಮರೆಯುತ್ತಾನೆ. 100 ವ್ಯಾಟ್ ಎಳೆಯುವ ಕಂಪ್ಯೂಟರ್ ಹತ್ತು ಗಂಟೆ ಓಡಿದರೆ ಒಂದು ಯುನಿಟ್, ತಿಂಗಳಿಗೆ ಲೆಕ್ಕ ಹಾಕಿ. ಇಂಥ ದಿನನಿತ್ಯದ ಕೆಲಸಕ್ಕೆ ಟಾಸ್ಕ್ ಶೆಡ್ಯೂಲರ್ ಸರಿ. ಸ್ಟಾರ್ಟ್‌ನಲ್ಲಿ ಆ ಹೆಸರು ಹುಡುಕಿ ತೆರೆಯಿರಿ. ಬಲಗಡೆ "ಕ್ರಿಯೇಟ್ ಬೇಸಿಕ್ ಟಾಸ್ಕ್" ಒತ್ತಿ, ಹೆಸರು ಕೊಟ್ಟು "ಡೈಲಿ" ಆರಿಸಿ, ಸಮಯ ಹಾಕಿ. ನಾನು 9:15 ಹಾಕಿದ್ದೇನೆ. ಮುಂದೆ "ಸ್ಟಾರ್ಟ್ ಎ ಪ್ರೋಗ್ರಾಂ". ಪ್ರೋಗ್ರಾಂ ಜಾಗದಲ್ಲಿ ಶಟ್‌ಡೌನ್, ಕೆಳಗಿನ "ಆರ್ಗ್ಯುಮೆಂಟ್ಸ್" ಜಾಗದಲ್ಲಿ /ಎಸ್ /ಟಿ 300. ಅಂದರೆ ಐದು ನಿಮಿಷ ಮೊದಲೇ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಗಿರಾಕಿ ಇನ್ನೂ ನಿಂತಿದ್ದರೆ? ಅದಕ್ಕೆ ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ ಹೊಸ ಶಾರ್ಟ್‌ಕಟ್ ಮಾಡಿಟ್ಟೆ, ವಿಳಾಸದ ಜಾಗದಲ್ಲಿ ಶಟ್‌ಡೌನ್ /ಎ. "ಈಗ ಬೇಡ" ಅಂತ ಹೆಸರಿಟ್ಟೆ. ಹುಡುಗ ಅದನ್ನು ಒತ್ತಿದರೆ ಆಯಿತು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಟಾಸ್ಕ್ ತೆರೆದು "ಕಂಡಿಷನ್ಸ್" ನೋಡಿದರೆ, ಕಂಪ್ಯೂಟರ್ ಕರೆಂಟಿನಲ್ಲಿ ಇದ್ದಾಗ ಮಾತ್ರ ಓಡಿಸು ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇದ್ದರೆ ಆಫ್ ಆಗುವುದೇ ಇಲ್ಲ. ಆ ಗುರುತು ತೆಗೆಯಿರಿ. ಇನ್ನೊಂದು "ಸೆಟ್ಟಿಂಗ್ಸ್"ನಲ್ಲಿ ಇದೆ. ಹೊತ್ತು ತಪ್ಪಿದ್ದರೆ ಆದಷ್ಟು ಬೇಗ ಓಡಿಸು ಎನ್ನುವುದು. ಅದಕ್ಕೆ ಗುರುತು ಹಾಕಲೇಬೇಡಿ. ರಾತ್ರಿ ಕೈಯಾರೆ ಆಫ್ ಮಾಡಿ ಹೋಗಿದ್ದರೆ, ಬೆಳಿಗ್ಗೆ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಮತ್ತೆ ಆಫ್ ಆಗಿಬಿಡುತ್ತದೆ.

ಇದೆಲ್ಲ ಟೈಪ್ ಮಾಡುವುದು ಕಷ್ಟ ಎನ್ನುವವರಿಗೆ ವೈಸ್ ಆಟೋ ಶಟ್‌ಡೌನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮೌಸಿನಲ್ಲೇ ಸಮಯ ಕೊಡಬಹುದು. ಅದನ್ನು ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ. ಲಿನಕ್ಸ್ ಇರುವವರು ಟರ್ಮಿನಲ್‌ನಲ್ಲಿ ಸುಡೊ ಶಟ್‌ಡೌನ್ -ಎಚ್ +60 ಎಂದರೆ ಒಂದು ಗಂಟೆಗೆ ಆಫ್, ಅಲ್ಲಿ ಲೆಕ್ಕ ನಿಮಿಷದಲ್ಲಿ. ರದ್ದು ಮಾಡಲು -ಸಿ. ಮ್ಯಾಕ್‌ನಲ್ಲೂ ಮೊದಲನೆಯದು ಹಾಗೆಯೇ ನಡೆಯುತ್ತದೆ.

ಕೆಲಸ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ? ಯುಪಿಎಸ್ ಹಿಂದೆ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಇದ್ದರೆ ಕೇಬಲ್ ತಂದು ಕಂಪ್ಯೂಟರಿಗೆ ಸಿಕ್ಕಿಸಿ. ಲ್ಯಾಪ್‌ಟಾಪಿನ ಹಾಗೆ ಕೆಳಗೆ ಬ್ಯಾಟರಿ ಗುರುತು ಬರುತ್ತದೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್, ಅದರೊಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಅಲ್ಲಿ ಬ್ಯಾಟರಿ. "ಕ್ರಿಟಿಕಲ್ ಬ್ಯಾಟರಿ ಆ್ಯಕ್ಷನ್" ಎಂಬಲ್ಲಿ ಹೈಬರ್ನೇಟ್ ಇಲ್ಲವೇ ಶಟ್‌ಡೌನ್ ಕೊಡಿ. "ಕ್ರಿಟಿಕಲ್ ಬ್ಯಾಟರಿ ಲೆವೆಲ್" ತುಂಬ ಕಡಿಮೆ ಇಟ್ಟಿದ್ದರೆ ಏರಿಸಿ. ನಾನು 40 ಇಟ್ಟಿದ್ದೇನೆ, ಯಾಕೆಂದರೆ ಹಳೆಯ ಬ್ಯಾಟರಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಅರ್ಧಕ್ಕೆ ನಿಂತ ಎಕ್ಸ್‌ಪೋರ್ಟ್ ಹೋದರೆ ಹೋಗಲಿ, ಇನ್ನೊಮ್ಮೆ ಹಾಕಬಹುದು. ಡಿಸ್ಕ್ ಉಳಿಯಬೇಕು. ಯುಎಸ್‌ಬಿ ಇಲ್ಲದ ಯುಪಿಎಸ್ ಆದರೆ, ಕರೆಂಟ್ ಹೋಗಿದೆ ಎಂದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಮುಂದಿನ ಸಲ ಕೊಳ್ಳುವಾಗ ಇದನ್ನು ಕೇಳಿ ತನ್ನಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬೆಳಿಗ್ಗೆ ನಾನು ಬಂದಾಗ ಕಂಪ್ಯೂಟರ್ ಆನ್ ಇತ್ತು. ಕಾಪಿ ಮುಗಿದಿತ್ತು, ರಾತ್ರಿ ಆಫ್ ಆಗಿದ್ದೂ ನಿಜ. ನಡುವೆ ಕರೆಂಟ್ ಹೋಗಿ ಬಂದಿತ್ತು. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್‌ನಲ್ಲಿ, ಕರೆಂಟ್ ಬಂದ ಕೂಡಲೇ ಆನ್ ಆಗು ಎಂದು ಯಾರೋ ಇಟ್ಟಿದ್ದರು. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿದರೆ ಬಯೋಸ್ ಬರುತ್ತದೆ, ಕೆಲವದರಲ್ಲಿ ಬೇರೆ ಕೀ. ಅಲ್ಲಿ "ರೀಸ್ಟೋರ್ ಎಸಿ ಪವರ್ ಲಾಸ್" ಅಥವಾ ಅದಕ್ಕೆ ಹತ್ತಿರದ ಹೆಸರು ಇರುತ್ತದೆ. "ಪವರ್ ಆನ್" ಎಂದಿದ್ದರೆ "ಪವರ್ ಆಫ್" ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ನಾನು ಅವತ್ತೇ ಮಾಡಿದೆ. ಸಂಜೆ ಬ್ಯಾಚ್ ಫೈಲ್ ಒತ್ತಿ, ಶಟರ್ ಎಳೆದು, ಏಳೂವರೆಯ ಬಸ್ಸು ಹತ್ತಿದೆ.