ಹೆಡ್ವಿಗ್ ಬದುಕಿದ್ದರೆ: ಒಂದು ಟೈಮ್‌ಲೈನ್ ಕಟ್ಟಿ ನಿಲ್ಲಿಸಿದ ಕಥೆ

ನನ್ನ ಬ್ರಾಂಡೆನ್‌ಬರ್ಗ್-ಪೋಲೆಂಡ್ ಟೈಮ್‌ಲೈನ್ ಕೊನೆಗೂ ಬೀಳದೆ ನಿಂತಿದೆ. ಟೈಮ್‌ಲೈನ್ ಅಂದರೆ, ಹಿಂದೆ ಒಂದು ಸಂಗತಿ ಬೇರೆ ಥರ ಆಗಿದ್ದರೆ ಮುಂದೇನು ಅಂತ ವರ್ಷಾವರ್ಷ ಬರೆಯುವ ಕಲ್ಪನೆಯ ಇತಿಹಾಸ. 1431ರಿಂದ 1466ರವರೆಗೆ ಎಲ್ಲೂ ಬಿರುಕಿಲ್ಲ. "ದಾಳ ಹಾಕಿ ಇತಿಹಾಸ ಬರೆಯೋಕಾಗಲ್ಲ ಮಾರಾಯ, ಹತ್ತು ವರ್ಷ ದಾಟಲ್ಲ" ಅಂದವರೇ ಈಗ ನನ್ನ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ. ಶೀಟ್ ಕೊಡಲ್ಲ. ಹೇಗೆ ಮಾಡಿದೆ ಅನ್ನೋದನ್ನು ಹೇಳುತ್ತೇನೆ.

ಈ ತಿರುವು, ಅಂದರೆ ನಿಜ ಇತಿಹಾಸ ಬಿಟ್ಟು ಕಥೆ ಕವಲೊಡೆಯುವ ಜಾಗ, ಇಂಥ ಆಟ ಆಡುವ ನಮ್ಮ ಬಳಗಕ್ಕೆ ಹೊಸದಲ್ಲ. ಪೋಲೆಂಡಿನ ದೊರೆ ಯಾಗಿಯೆಲ್ಲೋನ ಮಗಳು ಹೆಡ್ವಿಗ್, ಹುಟ್ಟಿದ್ದು 1408. 1421ರಲ್ಲಿ, ಜರ್ಮನಿಯ ಬ್ರಾಂಡೆನ್‌ಬರ್ಗ್ ಆಳುತ್ತಿದ್ದ ಹೊಹೆನ್‌ಝೊಲೆರ್ನ್ ಮನೆಯ ಫ್ರೆಡ್ರಿಕ್ ಜೊತೆ ನಿಶ್ಚಿತಾರ್ಥ. ಹುಡುಗನಿಗೆ ಆಗಿನ್ನೂ ಎಂಟು ತುಂಬಿರಲಿಲ್ಲ. ಭಾವಿ ಅಳಿಯ ಅಂತ ಅವನನ್ನು ಕ್ರಾಕೋವ್ ಅರಮನೆಯಲ್ಲೇ ಬೆಳೆಸಿದರು. ಅಷ್ಟರಲ್ಲಿ ಮುದಿ ದೊರೆ ಮತ್ತೆ ಮದುವೆಯಾದ. ಕಿರಿರಾಣಿ ಸೋಫಿಯಾಗೆ ಗಂಡುಮಕ್ಕಳಾದರು. ಉಳಿದವರು ಇಬ್ಬರು, 1424ರ ವ್ಲಾದಿಸ್ಲಾವ್ ಮತ್ತು 1427ರ ಕಾಸಿಮಿರ್. 1431ರ ಡಿಸೆಂಬರ್ 8ಕ್ಕೆ ಹೆಡ್ವಿಗ್ ತೀರಿಕೊಂಡಳು. ಮಲತಾಯಿಯೇ ವಿಷ ಹಾಕಿಸಿದಳು ಅಂತ ಆಗಲೇ ಗುಸುಗುಸು ಇತ್ತು.

ಈ ತಿರುವು ಹಿಡಿದವರೆಲ್ಲ ಸೋಫಿಯಾಳ ಗಂಡುಮಕ್ಕಳನ್ನು ಸಿಡುಬಿಗೆ ಬಲಿ ಕೊಟ್ಟು ಫ್ರೆಡ್ರಿಕ್‌ಗೆ ಪಟ್ಟ ಕಟ್ಟುತ್ತಾರೆ. ನಾನು ಯಾರನ್ನೂ ಸಾಯಿಸಲಿಲ್ಲ. ಒಬ್ಬಳನ್ನು ಬದುಕಿಸಿದೆ, ಅಷ್ಟೆ.

ಮೊದಲು ಎಲ್ಲರ ಹಾಗೆ ಯುದ್ಧದಿಂದ ಶುರು ಮಾಡಿದ್ದೆ. ನಕ್ಷೆ ಚೆನ್ನಾಗಿ ಬಂತು, ವಾರಸುದಾರ ಯಾರು ಅಂತ ಕೇಳಿದರೆ ಉತ್ತರ ಇರಲಿಲ್ಲ. ಆಮೇಲೆ ಎಲ್ಲರನ್ನೂ ನಿಜದಲ್ಲಿ ಹುಟ್ಟಿದ ಹಾಗೇ ಇಟ್ಟೆ. ಬಟರ್‌ಫ್ಲೈ ಪಂಥದವರು, ಅಂದರೆ ಒಂದು ಸಣ್ಣ ಬದಲಾವಣೆ ಆದರೂ ಎಲ್ಲವೂ ಬದಲಾಗುತ್ತೆ ಅನ್ನುವವರು, ಬಿಡ್ತಾರಾ? ಸರಿ ಅಂತ ತಿರುವಿನ ಮರುದಿನದಿಂದಲೇ ಯುರೋಪಿನ ಎಲ್ಲ ಕೂಸುಗಳಿಗೂ ದಾಳ ಹಾಕಿದೆ. 1450ಕ್ಕೆ ಬರುವಷ್ಟರಲ್ಲಿ ಒಬ್ಬನೂ ಪರಿಚಿತ ಇಲ್ಲ, ಓದೋಕೆ ಟೆಲಿಫೋನ್ ಡೈರೆಕ್ಟರಿ ಥರ ಆಯ್ತು. ವರ್ಷಗಟ್ಟಲೆ ಕೆಲಸ ಪೆಟ್ಟಿಗೆ ಸೇರಿತು.

ಕೆಲಸಕ್ಕೆ ಬಂದದ್ದು ಇದು. ತಿರುವಿನ ಹೊತ್ತಿಗೆ ಹುಟ್ಟಿದ್ದವರನ್ನು ಮುಟ್ಟೋದಿಲ್ಲ. ಆಮೇಲೆ ಹುಟ್ಟುವವರಿಗೆ ಮನೆತನದ ಲೆಕ್ಕದಲ್ಲಿ ದಾಳ. ಸುದ್ದಿ ಆ ಮನೆಗೆ ಮುಟ್ಟಿ, ಆ ಮನೆಯವರ ಓಡಾಟ ಬದಲಾದ ಮೇಲೆ ಮಾತ್ರ. ಕ್ರಾಕೋವ್‌ಗೆ ತಕ್ಷಣ. ಬ್ರಾಂಡೆನ್‌ಬರ್ಗ್‌ಗೆ ಒಂದೆರಡು ವಾರ, ಕೆಸರಿನ ಕಾಲವಾದರೆ ಇನ್ನೂ ಜಾಸ್ತಿ. ಪೋರ್ಚುಗಲ್‌ಗೆ ಹಲವು ವರ್ಷ ಏನೂ ಇಲ್ಲ.

ಓಡಾಟ ಅಂದೆನಲ್ಲ, ಜೀವ ಇರೋದೇ ಅಲ್ಲಿ. ಯಾಗಿಯೆಲ್ಲೋ ಒಂದೂರಲ್ಲಿ ಕೂತವನಲ್ಲ. ವರ್ಷಾವರ್ಷ ಅದೇ ಸುತ್ತು, ಚಳಿಗಾಲಕ್ಕೆ ಲಿಥುವೇನಿಯಾದಲ್ಲಿ ಬೇಟೆ. ಯಾವ ಪತ್ರಕ್ಕೆ ಯಾವ ಊರಲ್ಲಿ, ಯಾವ ತಾರೀಖು ಮೊಹರು ಬಿತ್ತು ಅನ್ನೋದು ಸಿಕ್ಕರೆ ಆ ದಿನ ದೊರೆ ಅಲ್ಲಿದ್ದ ಅಂತ. ಗಂಡ ಹೆಂಡತಿ ಒಂದೇ ಊರಲ್ಲಿ ಇಲ್ಲದ ತಿಂಗಳಿಗೆ ದಾಳವೇ ಇಲ್ಲ. ಫ್ರೆಡ್ರಿಕ್‌ಗೂ ಇದೇ ಕ್ರಮ. ರಾಣಿಯರಿಗೆ ಮೊಹರು ಕಡಿಮೆ, ಅವರು ಎಲ್ಲಿದ್ದರು ಅಂತ ಹಿಡಿಯೋಕೆ ಒಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಅಡುಗೆಮನೆ ಲೆಕ್ಕದ ಪುಸ್ತಕ ನೋಡಿ ಅಂತ ಮಾತ್ರ ಹೇಳಿರುತ್ತೇನೆ.

ಮಗು ಉಳಿಯುತ್ತಾ ಇಲ್ವಾ ಅನ್ನೋ ಟೇಬಲ್ ಸಹ ನನ್ನದೇ. ಹೊಹೆನ್‌ಝೊಲೆರ್ನ್, ವೆಟ್ಟಿನ್, ವಿಟ್ಟೆಲ್ಸ್‌ಬಾಕ್ ಎಂಬ ಜರ್ಮನ್ ರಾಜಮನೆಗಳ ನಿಜವಾದ ಮಕ್ಕಳನ್ನು ಎಣಿಸಿ ಮಾಡಿದ್ದು. ನಿಜ ಇತಿಹಾಸದ ಕಾಸಿಮಿರ್ ಮಾತ್ರ ಟೇಬಲ್ ಕೆಡಿಸಿದ. ಅವನ ರಾಣಿ ಎಲಿಸಬೆತ್ ಹೆತ್ತ 13 ಮಕ್ಕಳಲ್ಲಿ 11 ಜನ ದೊಡ್ಡವರಾದರು. ಆ ಮನೆಯನ್ನು ಲೆಕ್ಕದಿಂದ ಹೊರಗಿಡಬೇಕಾಯ್ತು. ಇನ್ನು ಹೆಸರಿನ ಕಾಟ. ಎಲ್ಲಿ ನೋಡಿದರೂ ಹೆಡ್ವಿಗ್, ಎಲ್ಲಿ ನೋಡಿದರೂ ಫ್ರೆಡ್ರಿಕ್. ಹುಟ್ಟಿದ ವರ್ಷ ಅಂಟಿಸಿಬಿಡಿ, ಹೆಡ್ವಿಗ್-1408, ಹೆಡ್ವಿಗ್-1457 ಅಂತ. ಅರ್ಧ ತಲೆನೋವು ಹೋಗುತ್ತೆ.

ಎಲ್ಲಕ್ಕಿಂತ ಗಲಾಟೆ ಆಗಿದ್ದು ಹ್ಯಾಬ್ಸ್‌ಬರ್ಗ್ ಕೂಸಿನ ದಾಳಕ್ಕೆ. ಹಂಗೇರಿಯ ದೊರೆ ಆಲ್ಬರ್ಟ್ 1439ರ ಅಕ್ಟೋಬರ್‌ನಲ್ಲಿ ಭೇದಿಯಿಂದ ಸತ್ತ. ಹೆಂಡತಿ ಬಸುರಿ. 1440ರ ಫೆಬ್ರವರಿ 22ಕ್ಕೆ ಗಂಡು ಹುಟ್ಟಿತು. ಅಷ್ಟರಲ್ಲಿ ಹಂಗೇರಿಯ ಸರದಾರರು ಪೋಲೆಂಡಿನ ವ್ಲಾದಿಸ್ಲಾವ್‌ನ ಕಡೆ ವಾಲಿದ್ದರು. ನನ್ನ ಲೆಕ್ಕದಲ್ಲಿ ಈ ಕೂಸು ತಿರುವಿನ ಆಚೆಗೆ ಬೀಳುತ್ತೆ. ಹೆಣ್ಣಾದರೆ ವ್ಲಾದಿಸ್ಲಾವ್‌ಗೆ ಎದುರಾಳಿಯೇ ಇಲ್ಲ, ನನ್ನ ಇಡೀ ಕಥೆ ಬೇರೆ ದಾರಿ ಹಿಡಿಯುತ್ತೆ. ಮನೆಯಲ್ಲಿ ಹಾಕಿದರೆ ಮೋಸ ಅಂತಾರೆ ಅಂತ ಗೆಳೆಯರನ್ನು ದರ್ಶಿನಿಗೆ ಕರೆದೆ. ನಿಂತು ತಿನ್ನುವ ಟೇಬಲ್, ಕಾಫಿ ಕುಡಿದ ಲೋಟದಲ್ಲೇ ದಾಳ ಕುಲುಕಿದೆ. ಸಮ ಬಿದ್ದರೆ ಗಂಡು, ಬೆಸ ಬಿದ್ದರೆ ಹೆಣ್ಣು. ದಾಳ ಚಟ್ನಿ ಬಟ್ಟಲಿಗೆ ತಗುಲಿ ತಿರುಗಿ ನಾಲ್ಕಕ್ಕೆ ನಿಂತಿತು. ಒಬ್ಬ "ಬಟ್ಟಲು ತಗುಲಿತು, ಇನ್ನೊಂದ್ಸಲ ಹಾಕು" ಅಂದ. ಮತ್ತೆ ಹಾಕಿದೆ, ಎರಡು. ಅವತ್ತಿನ ಬಿಲ್ ಅವನೇ ಕೊಟ್ಟ.

ದುಡ್ಡಿನ ಮಾತು. ಜರ್ಮನ್ ವಂಶಾವಳಿ ಪಟ್ಟಿಗಳ ಹಳೆಯ ಸಂಪುಟಗಳಿಗೆ, ಅಂಚೆ, ಕಸ್ಟಮ್ಸ್ ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೋಯ್ತು. ಒಂದು ಸಂಪುಟದಲ್ಲಿ ಬೇಕಾದ ಪುಟಗಳೇ ಇರಲಿಲ್ಲ. ಮಾರಿದವನು ವಾಪಸ್ ತಗೊಳ್ಳಲಿಲ್ಲ. ಪೋಲಿಷ್ ಓದಿಸೋಕೆ ಒಬ್ಬ ವಿದ್ಯಾರ್ಥಿಗೆ ಪುಟಕ್ಕೆ ಇಷ್ಟು ಅಂತ ಕೊಟ್ಟೆ, ಅದೊಂದು ಹತ್ತು ಸಾವಿರ. ಚಂದಾ, ಪ್ರಿಂಟ್ ಎಲ್ಲ ಸೇರಿಸಿದರೆ ನಲವತ್ತರ ಆಚೆ ಈಚೆ. ಮನೆಯವಳು ಇದರಲ್ಲಿ ಫ್ರಿಜ್ ಬರ್ತಿತ್ತು ಅಂತ ಈಗಲೂ ಹೇಳುತ್ತಾಳೆ. ಬಂದದ್ದು? ಬೋರ್ಡ್ ಗೇಮ್ ಮಾಡುವವರೊಬ್ಬರು ಟೈಮ್‌ಲೈನ್ ಬಳಸಿಕೊಂಡು ಹನ್ನೆರಡು ಸಾವಿರ ಚಿಲ್ಲರೆ ಕೊಟ್ಟರು. ನಮ್ಮ ಬಳಗದಲ್ಲಿ ಈ ಹುಚ್ಚಿನಿಂದ ರೂಪಾಯಿ ಕಂಡವನು ನಾನೊಬ್ಬನೇ ಅನ್ನೋದು ದಾಖಲಾಗಲಿ.

ನಡುವೆ ಬೇಜಾರಾದಾಗ ಸ್ಯಾಕ್ಸನಿಗೂ ಕೈ ಹಾಕಿದ್ದೆ. ವೆಟ್ಟಿನ್ ಮನೆಯ ಮೂರನೇ ಆಗಸ್ಟಸ್, ಸ್ಯಾಕ್ಸನಿಗೂ ಪೋಲೆಂಡಿಗೂ ದೊರೆ, 1763ರ ಅಕ್ಟೋಬರ್ 5ಕ್ಕೆ ಸತ್ತ. ಮಗ ಫ್ರೆಡ್ರಿಕ್ ಕ್ರಿಸ್ಟಿಯನ್ 74 ದಿನ ಮಾತ್ರ ಎಲೆಕ್ಟರ್ (ಸ್ಯಾಕ್ಸನಿಯ ಒಡೆಯ) ಆಗಿದ್ದು ಸಿಡುಬಿಗೆ ಹೋದ. ಅವನ ಮಗನಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ. ಸಿಡುಬು ತಪ್ಪಿಸಿ ನೋಡಿದೆ. ಎಷ್ಟು ಸಲ ಓಡಿಸಿದರೂ ಸಪ್ಪೆ. 1764ರಲ್ಲಿ ಪೋಲೆಂಡಿನ ಪಟ್ಟ ತೀರ್ಮಾನ ಆಗಿದ್ದು ಪೀಟರ್ಸ್‌ಬರ್ಗ್‌ನಲ್ಲಿ. ರಷ್ಯಾದ ರಾಣಿ ಕ್ಯಾಥರೀನ್ ಸೈನ್ಯ ಕಳಿಸಿದ ಮೇಲೆ ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್‌ನಲ್ಲಿ ಯಾರು ಬದುಕಿದ್ದರೆ ಏನು? 1791ರ ಮೇ 3ರ ಪೋಲೆಂಡ್ ಸಂವಿಧಾನ ಫ್ರೆಡ್ರಿಕ್ ಕ್ರಿಸ್ಟಿಯನ್‌ನ ಆ ಮಗನನ್ನೇ ಮುಂದಿನ ದೊರೆ ಅಂತ, ಅವನ ಮಗಳು ಮಾರಿಯಾ ಆಗಸ್ಟಾಳನ್ನು ರಾಜಕುಮಾರಿ ಅಂತ ಸಾರಿತಲ್ಲ, ಅಲ್ಲಿಂದ ಏನೋ ಹುಟ್ಟಬಹುದು. ಅವಳಿಗೆ ವರ ಹುಡುಕುವ ಆಟ ಮಜವಾಗಿದೆ. ಆದರೆ ಮುಂದಿನ ವರ್ಷವೇ ರಷ್ಯಾದ ಸೈನ್ಯ ಬರುತ್ತೆ.

ಮತ್ತೆ ಹೆಡ್ವಿಗ್ ವಿಷಯಕ್ಕೆ. 1432ರಲ್ಲಿ ಮದುವೆ ಮಾಡಿಸಿದೆ. ದಾಳ ಕೊಟ್ಟದ್ದು ಮೂರು ಮಕ್ಕಳು. ಮೊದಲ ಗಂಡು ತೊಟ್ಟಿಲಲ್ಲೇ ಹೋಯ್ತು, ಆಮೇಲೆ ಒಂದು ಹೆಣ್ಣು, 1437ರಲ್ಲಿ ಇನ್ನೊಂದು ಗಂಡು, ಉಳಿದುಕೊಂಡ. 1444ರ ನವೆಂಬರ್ 10ಕ್ಕೆ ವಾರ್ನಾ ಯುದ್ಧದಲ್ಲಿ ವ್ಲಾದಿಸ್ಲಾವ್ ಮದುವೆ ಇಲ್ಲದೆ ಸತ್ತ. ಲಿಥುವೇನಿಯಾ ಆಳುತ್ತಾ ವಿಲ್ನಾದಲ್ಲಿದ್ದ ತಮ್ಮ ಕಾಸಿಮಿರ್ ಬರ್ತೀನಿ ಅನ್ನಲಿಲ್ಲ, ಬರಲ್ಲ ಅನ್ನಲಿಲ್ಲ. ನಿಜದಲ್ಲೂ ಹೀಗೇ 1447ರವರೆಗೆ ಎಳೆದ. 1446ರಲ್ಲಿ ಪಟ್ಟಕ್ಕೆ ಫ್ರೆಡ್ರಿಕ್‌ನ ಹೆಸರು ನಿಜವಾಗಿಯೂ ಕೇಳಿಬಂದಿತ್ತು. ನನ್ನಲ್ಲಿ ಅವನ ಪಕ್ಕದಲ್ಲಿ ದೊರೆಯ ಮಗಳಿದ್ದಾಳೆ, ಒಂಬತ್ತು ವರ್ಷದ ಮಗನಿದ್ದಾನೆ.

ಪೋಲೆಂಡಿನ ಓದುಗರೊಬ್ಬರು ಇಲ್ಲೇ ಹಿಡಿದುಕೊಂಡರು. "ನಮ್ಮ ಸರದಾರರು ವಂಶಪಾರಂಪರ್ಯ ಒಪ್ಪಲ್ಲ, 1426ರಲ್ಲಿ ಲೆಂಚಿತ್ಸಾದಲ್ಲಿ ದೊರೆಯ ಎದುರೇ, ಅವನ ಮಗನಿಗೆ ಪಟ್ಟ ಒಪ್ಪಿದ್ದ ಪತ್ರವನ್ನು ಕತ್ತಿಯಿಂದ ಕಡಿದು ಹಾಕಿದವರು" ಅಂತ. ಅದನ್ನು ನಾನು ಮೊದಲೇ ಇಟ್ಟಿದ್ದೆ. ನನ್ನ ಫ್ರೆಡ್ರಿಕ್ ಆಯ್ಕೆಯಾಗಿ ಬರುತ್ತಾನೆ, ಮಗನಿಗೆ ಏನೂ ಬರೆಸಿಕೊಳ್ಳಲ್ಲ. ಅವರು ಎರಡು ವಾರ ಹುಡುಕಿ ಸುಮ್ಮನಾದರು.

1454ರ ಪ್ರಷ್ಯನ್ ಯುದ್ಧ ಬಂದಾಗ ಇದರ ರುಚಿ. ನಿಜದಲ್ಲಿ ಪೋಲೆಂಡಿನ ಶತ್ರು ಟ್ಯೂಟಾನಿಕ್ ಆರ್ಡರ್ (ಪ್ರಷ್ಯಾ ಆಳುತ್ತಿದ್ದ ಯೋಧ-ಸನ್ಯಾಸಿಗಳ ಪಂಗಡ) ದುಡ್ಡಿಲ್ಲದೆ ನೊಯ್‌ಮಾರ್ಕ್ ಪ್ರಾಂತ್ಯವನ್ನು ಇದೇ ಫ್ರೆಡ್ರಿಕ್‌ಗೆ ಮಾರಿತು. ಆದರೂ ಕೂಲಿ ಸೈನಿಕರ ಸಂಬಳ ತೀರದೆ, ಅವರು 1457ರಲ್ಲಿ ಮರಿಯೆನ್‌ಬುರ್ಗ್ ಕೋಟೆಯನ್ನೇ ಪೋಲೆಂಡಿಗೆ 1,90,000 ಫ್ಲೋರಿನ್‌ಗೆ ಮಾರಿದರು. ನನ್ನಲ್ಲಿ ಕೊಳ್ಳುವವನೂ ಶತ್ರುವೂ ಒಬ್ಬನೇ. ಆ ದುಡ್ಡು ಆರ್ಡರ್‌ಗೆ ಸಿಗಲ್ಲ, ಕೋಟೆ ಎರಡು ವರ್ಷ ಮೊದಲೇ ಬೀಳುತ್ತೆ, ಹದಿಮೂರು ವರ್ಷದ ಯುದ್ಧ ಐದಕ್ಕೆ ಮುಗಿಯುತ್ತೆ. ಬೆಲೆ ಲಿಥುವೇನಿಯಾ. ಮುನಿಸಿಕೊಂಡ ಕಾಸಿಮಿರ್ ವಿಲ್ನಾದಲ್ಲೇ ಉಳಿದ, ಪೋಲೆಂಡ್-ಲಿಥುವೇನಿಯಾ ಮತ್ತೆ ಒಂದಾಗಲೇ ಇಲ್ಲ.

ಮುಂದಿನದು ಲಾಂಡ್ಸ್‌ಹೂಟ್, 1475ರ ಮದುವೆ. ಕಾಸಿಮಿರ್‌ನ ಮಗಳು ಹೆಡ್ವಿಗ್-1457 ಮತ್ತು ಬವೇರಿಯಾದ ಜಾರ್ಜ್‌ಗೆ ಒಬ್ಬ ಮಗ ಬದುಕಿದ್ದರೆ ಏನಾಗುತ್ತಿತ್ತು ಅನ್ನೋದು. ಈ ಟೈಮ್‌ಲೈನಲ್ಲಿ ಆ ಹೆಡ್ವಿಗ್ ಹುಟ್ಟೋದೇ ಇಲ್ಲ, ಹಾಗಾಗಿ ಬೇರೆ ಶೀಟ್. ಬವೇರಿಯಾ ಮನೆತನದ ಪಟ್ಟಿಗಳ ಸಂಪುಟ, ಪುಟ ಹರಿಯದೇ ಇರೋದು, ಯಾರ ಹತ್ತಿರವಾದರೂ ಇದ್ದರೆ ಹೇಳಿ. ಅಂಚೆ ಖರ್ಚು ನನ್ನದು. ಕಸ್ಟಮ್ಸ್ ಬಿದ್ದರೆ ಅರ್ಧ ಅರ್ಧ.