ಬೆಂಕಿ ಬೆಟ್ಟಕ್ಕೆ ಒಂದು ದಿನ ಜಾಸ್ತಿ

"ದುಡ್ಡು ಕೊಟ್ಟು ಬೆಂಕಿ ಬೆಟ್ಟ ಹತ್ತೋಕೆ ಹೋಗ್ತೀರಾ? ನಂದಿ ಬೆಟ್ಟ ಸಾಲದಾ?" ಅಂತ ಅಮ್ಮ ಕೇಳಿದರು. ಬಸವನಗುಡಿಯ ನಮ್ಮ ಮನೆಯಲ್ಲಿ ಬಾಲಿ ಪ್ರವಾಸದ ಲೆಕ್ಕಾಚಾರ ಶುರುವಾದದ್ದೇ ಹೀಗೆ. ಇದ್ದದ್ದು ಎಂಟು ದಿನದ ರಜೆ. ನನ್ನ ಮೊದಲ ಪಟ್ಟಿಯಲ್ಲಿ ನಾಲ್ಕು ಜ್ವಾಲಾಮುಖಿಗಳಿದ್ದವು: ಬಾಲಿಯ ಬಾತೂರ್, ಆಗುಂಗ್, ಪಕ್ಕದ ಜಾವಾದ ಬ್ರೋಮೋ, ಇಜೆನ್. ಹೆಂಡತಿ ಪೆನ್ ತಗೊಂಡು ಎರಡನ್ನು ಹೊಡೆದು ಹಾಕಿದಳು. ಎಲ್ಲಕ್ಕೂ ನಡುರಾತ್ರಿ ಎದ್ದು ಹೊರಡಬೇಕು. ನಾಲ್ಕು ರಾತ್ರಿ ನಿದ್ದೆಗೆಟ್ಟರೆ ಅದು ರಜೆಯಾ, ನೈಟ್ ಶಿಫ್ಟಾ?

ಆಗುಂಗ್ 3,000 ಮೀಟರ್ ದಾಟುತ್ತದೆ, ನಮ್ಮ ಮಂಡಿಗೆ ಆಗದ ಮಾತು. ಬ್ರೋಮೋ ಬಿಡೋಕೆ ಮಾತ್ರ ಬೇಜಾರಾಯಿತು. ಅಲ್ಲಿನ ತೆಂಗೆರ್ ಹಿಂದೂಗಳು ಕಸದಾ ಹಬ್ಬದ ದಿನ ತರಕಾರಿ, ಕೋಳಿ ಎಲ್ಲ ಹೊತ್ತು ತಂದು ಬೆಟ್ಟದ ಬಾಯಿಗೇ ಅರ್ಪಿಸುತ್ತಾರೆ. ಆದರೆ ದಾರಿ ಬಹಳ ಉದ್ದ.

ಟಿಕೆಟ್‌ಗೂ ಮೊದಲು ನೋಡಿದ್ದು ಎಚ್ಚರಿಕೆಯ ಮಟ್ಟ. ಇಂಡೋನೇಷ್ಯಾದಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲು: ನಾರ್ಮಲ್, ವಸ್ಪಾದಾ (ಜಾಗ್ರತೆ), ಸಿಯಾಗಾ (ಸಿದ್ಧರಾಗಿರಿ), ಕೊನೆಗೆ ಆವಾಸ್ (ಅಪಾಯ). ಯಾವ ಬೆಟ್ಟ ಯಾವ ಮೆಟ್ಟಿಲಲ್ಲಿದೆ ಅಂತ ಅಲ್ಲಿನ ಸರ್ಕಾರದ 'ಮಾಗ್ಮಾ ಇಂಡೋನೇಷ್ಯಾ' ತಾಣದಲ್ಲಿ ಸಿಗುತ್ತದೆ. ಎರಡನೇ ಮಟ್ಟ ತಾನೇ, ನಡೆಯುತ್ತೆ ಅನ್ನಬೇಡಿ. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಸಿಡಿದಾಗ ಎರಡರಲ್ಲೇ ಇತ್ತು. 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ನಮ್ಮ ನಿಯಮ ಸರಳ: ಒಂದು ಇದ್ದರೆ ಹೋಗೋದು, ಇಲ್ಲದಿದ್ದರೆ ಸಮುದ್ರ ಇದೆಯಲ್ಲ.

ಇನ್ನೊಂದು ಭಯ ಬೂದಿಯದು. 2017ರ ನವೆಂಬರ್‌ನಲ್ಲಿ ಆಗುಂಗ್ ಬೂದಿ ಉಗುಳಿ ಬಾಲಿಯ ವಿಮಾನ ನಿಲ್ದಾಣವೇ ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದದ್ದಕ್ಕೂ ಬಾಲಿಯ ವಿಮಾನಗಳು ರದ್ದಾದವು. ಹಾಗಾಗಿ ಬೆಟ್ಟಗಳನ್ನು ಪ್ರವಾಸದ ಮೊದಲರ್ಧಕ್ಕೆ ಹಾಕಿ, ನಡುವೆ ಒಂದು ದಿನ ಖಾಲಿ ಬಿಟ್ಟೆವು. ಕೆಂಪೇಗೌಡ ನಿಲ್ದಾಣದಲ್ಲಿ ಇಳಿದ ಮೇಲೂ ಆಫೀಸಿಗೆ ಒಂದು ದಿನ ರಜೆ ಇಟ್ಟುಕೊಂಡಿದ್ದೆ.

ಹೋದದ್ದು ಜುಲೈನಲ್ಲಿ. ಇಲ್ಲಿ ಜಿಟಿಜಿಟಿ ಮಳೆ, ಅಲ್ಲಿ ಒಣ ಕಾಲ. ಬಾತೂರ್ 1,717 ಮೀಟರ್, ನಂದಿಗಿಂತ ಸ್ವಲ್ಪವೇ ಎತ್ತರ. ನಾಲ್ಕು ಗಂಟೆಗೆ ಟಾರ್ಚ್ ಹಿಡಿದು ಹೊರಟರೆ ಎರಡು ಗಂಟೆಯ ಏರು. ಕೊನೆಯಲ್ಲಿ ಸಡಿಲ ಕಲ್ಲು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಬಾಲಿ ಅಂದರೆ ಸೆಕೆ ಅಂತ ಬರೀ ಟೀ ಶರ್ಟ್‌ನಲ್ಲಿ ಬಂದವರು ಮೇಲೆ ನಡುಗುತ್ತಿದ್ದರು. ಸೂರ್ಯ ಬಂದ, ಜನ ಚಪ್ಪಾಳೆ ತಟ್ಟಿದರು, ಇಳಿದೆವು. ನಿಜ ಹೇಳಬೇಕಂದ್ರೆ ಭಾನುವಾರದ ನಂದಿಯಷ್ಟೇ ಗದ್ದಲ.

ಮನಸ್ಸಿನಲ್ಲಿ ಉಳಿದದ್ದು ಇಜೆನ್. ಬಾಲಿಯ ಪಶ್ಚಿಮ ತುದಿಯ ಗಿಲಿಮಾನುಕ್‌ನಿಂದ ಫೆರ್ರಿಯಲ್ಲಿ ಜಾವಾಕ್ಕೆ ದಾಟಬೇಕು. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ. ಇದನ್ನು ಮರೆತು, ಡ್ರೈವರ್ ಬರಲಿಲ್ಲ ಅಂತ ಫೋನಿನಲ್ಲಿ ಕೂಗಾಡಿದೆ. ಪಾಪ, ಅವರು ಸರಿಯಾದ ಹೊತ್ತಿಗೇ ಬಂದರು. ಜಾವಾ ಕಡೆಯ ಬನ್ಯುವಾಂಗಿಯಲ್ಲಿ ಬಿಪಿ ನೋಡಿ ಆರೋಗ್ಯ ಪತ್ರ ಕೊಟ್ಟರು. ಅದಿಲ್ಲದೆ ಹತ್ತಲು ಬಿಡುವುದಿಲ್ಲ.

ಮೊದಲ ರಾತ್ರಿ ಮೂರು ಕಿಲೋಮೀಟರ್ ಏರಿ ಕುಳಿಯ ಅಂಚಿಗೆ ಮುಟ್ಟಿದೆವು. ಗಂಧಕದ ಹೊಗೆ ಹೊತ್ತ ಗಾಳಿ ನಮ್ಮ ಕಡೆಗೇ ತಿರುಗಿತು. ಕಣ್ಣು ಉರಿ, ಗಂಟಲಲ್ಲಿ ಮೆಣಸಿನಕಾಯಿ ಘಾಟು. ಗೈಡ್ ಕುಳಿಯೊಳಗೆ ಇಳಿಯುವುದು ಬೇಡ ಅಂದರು. ಇಷ್ಟು ದೂರ ಬಂದು ಹೀಗಾ ಅಂತ ನನಗೆ ಸಿಟ್ಟು. ಆಗ ಹೆಂಡತಿ, "ನಾಳೆ ಖಾಲಿ ಇದೆಯಲ್ಲ" ಅಂದಳು.

ಮರುರಾತ್ರಿ ಗಾಳಿ ಆಚೆ ಬೀಸುತ್ತಿತ್ತು. ಗೈಡ್ ಒಪ್ಪಿದ ಮೇಲೆ ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿ ಕುಳಿಗೆ ಇಳಿದೆವು. ನೆಲದಿಂದ ನುಗ್ಗುವ ಬಿಸಿ ಗಂಧಕದ ಅನಿಲ ಗಾಳಿಗೆ ತಾಗಿ ಹೊತ್ತಿಕೊಳ್ಳುತ್ತದೆ, ಗ್ಯಾಸ್ ಒಲೆಯ ಹಾಗೆ ನೀಲಿ. ಕತ್ತಲಲ್ಲಷ್ಟೇ ಕಾಣುತ್ತದೆ. ಪಕ್ಕದಲ್ಲೇ 70-80 ಕಿಲೋ ಗಂಧಕವನ್ನು ಹೆಗಲ ಮೇಲೆ ಹೊತ್ತ ಕೂಲಿಗಳು ಮೇಲೇರುತ್ತಿದ್ದರು. ಕೆಲವರ ಮೂಗಿಗೆ ಬರೀ ಒದ್ದೆ ಬಟ್ಟೆ. ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತೆವು. ಫೋನ್ ಜೇಬಿನಲ್ಲೇ ಉಳಿಯಿತು. ಬೆಳಕಾದ ಮೇಲೆ ಆಮ್ಲದ ಕೆರೆ ಕಂಡಿತು, ಹಸಿರು ಬೆರೆತ ನೀಲಿ. ನೋಡಲು ಈಜೋಣ ಅನ್ನಿಸುತ್ತದೆ, ಮುಟ್ಟಿದರೆ ಚರ್ಮ ಸುಡುತ್ತದೆ.

ಮನೆಗೆ ಬಂದಾಗ ಅಮ್ಮ ನನ್ನ ಜಾಕೆಟ್ ಮೂಸಿ ನೋಡಿ ದೂರ ಹಿಡಿದರು. "ಪಟಾಕಿ ಅಂಗಡಿಗೆ ಹೋಗಿದ್ರೇನೋ?" ಮೂರು ಸಲ ಒಗೆದರೂ ಆ ವಾಸನೆ ಪೂರ್ತಿ ಹೋಗಿಲ್ಲ.